ಹೆಬ್ಬೆರಳು ಇಡುತ್ತಿದ್ದ ಜಾಗ

ಮಾರ್ಚ್ ೧೪, ಗುರುವಾರ. ನೀವು ನಮ್ಮನ್ನು ಬಿಟ್ಟು ಹೋಗಿ ಕಟ್ಟಿಕೊಂಡ ಮಾಯ್ಕೆ ಎಂಬಾಕೆಗೆ ನಾನು ಇಂದು ಹೇಳಿದ ಸುಳ್ಳನ್ನು ದಾಖಲಿಸುವುದಷ್ಟೇ ಈ ಪತ್ರದ ಉದ್ದೇಶ, ಅಪ್ಪ. ಇದು ಅಂಚೆಗೆ ಹೋಗುವುದಿಲ್ಲ.

ಮಧ್ಯಾಹ್ನ ಆಕೆ ಸೈಕಲ್ಲಿನಲ್ಲಿ ಬಂದರು. ಅಮ್ಮ ಕಾಫಿಯ ಜೊತೆ ಒಂದೇ ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿ, ಒಳಗೆ ಹೋದಳು.

"ನಿಂಕೆ, ನಿಮ್ಮಪ್ಪನ ಬೆನ್ನಿನ ತುರಿಕೆ ಜಾಸ್ತಿಯಾಗಿದೆ ಕಣಮ್ಮ. ಎಡಹೆಗಲ ಕೆಳಗಿನ ಕಂದು ಕಲೇನ ರಕ್ತ ಬರೋ ಹಾಗೆ ಕೆರ್ಕೋತಾರೆ. ನೀನು ಚಿಕ್ಕವಳಿದ್ದಾಗ ಇನ್ನೆಲ್ಲೋ ಹೆಬ್ಬೆರಳು ಒತ್ತಿದ್ರೆ ನಿಲ್ತಿತ್ತಂತೆ. ಎಲ್ಲಿ ಅಂತ ತೋರಿಸ್ತೀಯಾ?" ಎಂದು ನನ್ನೆದುರು ಬೆನ್ನು ತಿರುಗಿಸಿ ಕುಳಿತರು.

ಗ್ರೋನಿಂಗನ್ ವಿಶ್ವವಿದ್ಯಾಲಯದ ವೈದ್ಯಕೀಯ ತರಗತಿಗೆ ನಾನೇ ಮೊದಲಿಗಳು. ಈ ತುರಿಕೆ ಹುಟ್ಟಿಸುವ ನರ ಬೆನ್ನುಮೂಳೆಯ ಪಕ್ಕದಲ್ಲಿ ಎಲ್ಲಿ ಹೊರಬೀಳುತ್ತದೆಂದು ಪುಸ್ತಕ ಹೇಳುವ ಮೊದಲೇ, ಏಳನೆಯ ವಯಸ್ಸಿನಲ್ಲೇ, ನನ್ನ ಬೆರಳಿಗೆ ಗೊತ್ತಿತ್ತು.

"ಅಂಥ ಜಾಗ ಯಾವುದೂ ಇಲ್ಲ. ಅಪ್ಪ ಅಮ್ಮನಿಗೂ ಹೀಗೇ ಕಥೆ ಕಟ್ಟಿ ಹೇಳ್ತಿದ್ರು," ಎಂದೆ.

"ಡಾಕ್ಟರಾಗೋಳು ನೀನು. ಅಷ್ಟೂ ಕಲಿಸಿಲ್ವಾ ಅಲ್ಲಿ?"

"ನಿಮ್ಮ ಉಗುರು ಚೆನ್ನಾಗಿವೆ. ಕೆರೀತಾ ಇರಿ."

ಆಕೆ ಹೋದ ಮೇಲೆ ಮನೆಯ ಹಿಂದಿನ ಹುಲ್ಲುಗಾವಲಿಗೆ ಹೋದೆ. ಹಸುಗಳನ್ನು ನೀವು ಮಾರಿದಿರಿ. ಅವು ಮೈ ಉಜ್ಜುತ್ತಿದ್ದ ಕಂಬ ಮಾತ್ರ ಉಳಿದಿದೆ. ಹಸುಗಳ ಬೆನ್ನಿಗಿಂತ ಒಂದು ಗೇಣು ಮೇಲೆ, ನಿಮ್ಮ ಬೆನ್ನು ತಾಗುತ್ತಿದ್ದಲ್ಲಿ, ಮರ ಇನ್ನೂ ನುಣುಪಾಗಿದೆ. ಅಲ್ಲಿ ಹೆಬ್ಬೆರಳಿಟ್ಟು ಎಷ್ಟು ಹೊತ್ತು ನಿಂತಿದ್ದೆನೆಂಬುದನ್ನು ದಾಖಲಿಸುವ ಅಗತ್ಯವಿಲ್ಲ.

ಮುಂದಿನ ಗುರುವಾರ ನಿಮ್ಮನ್ನೇ ಕರೆತರುವುದಾಗಿ ಆಕೆ ಹೇಳಿದ್ದಾರೆ. ನಾನು ಒತ್ತುವುದಿಲ್ಲ.