ಗಾಜಿನಾಚೆಯ ಕೈಗಳು

ಹರಿಹರ
೧೪-೨-೧೯೬೬

ಮುಂಬಯಿಯಲ್ಲಿರುವ ನನ್ನ ಯಜಮಾನರಿಗೆ ನಿರ್ಮಲೆಯ ಶರಣು.

ಮಗು ಹೋಗಿ ಇಷ್ಟು ದಿನವಾದರೂ ಕಾಗದ ಬರೆಯಲಿಲ್ಲವೆಂದು ಬೇಸರಿಸಬೇಡಿ. ಮಾವನವರು ತಂತಿ ಕೊಟ್ಟಿದ್ದರು. ಅದಕ್ಕಿಂತ ಹೆಚ್ಚಿಗೆ ಏನು ಬರೆಯಲಿ ಎಂದು ಕುಳಿತುಬಿಟ್ಟೆ. ಇಲ್ಲಿ ಎಲ್ಲರೂ ಉಂಡುಕೊಂಡಿದ್ದಾರೆ. ನಾನೂ ಉಣ್ಣುತ್ತೇನೆ; ಹಾಳು ಹೊಟ್ಟೆ ಕೇಳಬೇಕಲ್ಲ.

ನಮ್ಮ ನೀಲಾಳಿಗೆ ಬಂದದ್ದು ಗಂಟಲಮಾರಿ. ದಾವಣಗೆರೆ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರು ಕಟ್ಟಿತ್ತು. ಎಳೆಗೂಸಿಗೆ ಚಟ್ಟ ಕಟ್ಟುವುದಿಲ್ಲ. ಅಪ್ಪನೇ ತೋಳಲ್ಲಿ ಎತ್ತಿಕೊಂಡು ಮಣ್ಣಿಗೆ ಒಯ್ಯುವುದು ನಮ್ಮಲ್ಲಿ ರೂಢಿ. ನಿಮಗಾಗಿ ಕಾದೆವು. "ರಜೆಯಿಲ್ಲ, ಮುಗಿಸಿರಿ" ಎಂದು ನಿಮ್ಮ ತಂತಿ ಬಂತು. ಕೊನೆಗೆ ನನ್ನ ಅಣ್ಣ ಹಾಲೇಶಪ್ಪ ಒಯ್ದ.

ಮಾವನವರು ಅಂಗಳದಲ್ಲೇ ಕೂಗಾಡಿದರು: "ಗಾಜಿನ ಈಚೆ ಕುಂತು ಆಚೆ ಕಬ್ಬಿಣದ ಕೈ ಆಡಿಸ್ತಾನಂತೆ! ತನ್ನ ಕೂಸನ್ನ ಎತ್ಕೊಳ್ಳಾಕೆ ಕೈ ಬರಲಿಲ್ಲೇನು ಅವ್ನಿಗೆ?"

ನಾನು ನಿಮ್ಮ ಪರವಾಗಿಯೇ ಮಾತಾಡಿದೆ. ದೀಪಾವಳಿ ರಜೆಯಲ್ಲಿ ನೀವು ಅಡಿಗೆಮನೆಯ ಇಕ್ಕಳ ಹಿಡಿದು ನನಗೆ ತಿಳಿಸಿಕೊಟ್ಟದ್ದನ್ನೇ ಹೇಳಿದೆ: ಅಣುಶಕ್ತಿ ಕಾರ್ಖಾನೆಯ ಆ ಗಾಜಿನಾಚೆಯ ಕೋಣೆಯಲ್ಲಿರುವುದು ಮುಟ್ಟಿದವರನ್ನು ಒಳಗೊಳಗೇ ಸುಡುವ ಧಾತು, ಇವರು ಹೊರಗೆ ಬೆರಳು ಮಡಿಸಿದ ಗಳಿಗೆಗೇ ಒಳಗಿನ ಕಬ್ಬಿಣದ ಬೆರಳೂ ಮಡಿಚಿಕೊಳ್ಳುತ್ತದೆ, ಆದರೂ ಅದರ ಸೋಂಕು ಕೈಗೆ ಅಂಟಿದ್ದರೆ ಮಗುವಿಗೆ ತಗಲೀತೆಂದು ಇವರಿಗೆ ಹೆದರಿಕೆ. ಪಕ್ಕದ ಮನೆಯ ಭೀಮವ್ವ, "ಅಲ್ಲವ್ವಾ, ಆಪೀಸಿನೋರೇ ಕೈ ತಪಾಸಣೆ ಮಾಡಿ ಏನೂ ಇಲ್ಲ ಅಂದಿದ್ರಂತಲ್ಲ?" ಎಂದಳು.

ರೀ, ನನಗೆ ನಿಮ್ಮ ಮೇಲೆ ಸಿಟ್ಟಿದೆ. ರಜೆಯುದ್ದಕ್ಕೂ ಜೋಲಿಯ ಹಗ್ಗ ಹಿಡಿದು ದೂರ ಕುಳಿತು ತೂಗಿದಿರಿ. ಮಗುವನ್ನು ಮುಟ್ಟಲೇ ಇಲ್ಲ. "ನಾಳೆ ದೊಡ್ಡವಳಾಗ್ಲಿ, ನೋಡೋಣಂತೆ" ಎಂದಿರಿ. ಅದೂ ಪ್ರೀತಿಯೇ ಎಂದು ಗೊತ್ತು. ಅದಕ್ಕೇ ಹೆಚ್ಚು ಸಂಕಟವಾಗುತ್ತದೆ.

ಅಲ್ಲಿ ಹೊತ್ತು ಹೊತ್ತಿಗೆ ಊಟ ಮಾಡಿ. ಗುರು ನಿಮ್ಮನ್ನು ಕಾಯಲಿ.

ನಿಮ್ಮ
ನಿರ್ಮಲೆ

ಇನ್ನೊಂದು ಮಾತು. ನೀವು ರೈಲು ಹತ್ತುವಾಗ ನೀಲಾ ನನ್ನ ಕಂಕುಳಿಂದ ನಿಮ್ಮತ್ತ ಎರಡೂ ಕೈ ಚಾಚಿದಳು. ನೀವು ಕೈಗಳನ್ನು ಜೇಬಿಗೆ ಹಾಕಿಕೊಂಡಿರಿ. ಆಮೇಲೆ ಪ್ಯಾಂಟು ತೊಟ್ಟವರು ಯಾರೇ ಬರಲಿ, ನೀವೇ ಎಂದುಕೊಂಡು ಕೈ ಚಾಚುತ್ತಿದ್ದಳು. ಸ್ಟೇಷನ್ ಮಾಸ್ತರು, ಸೈಕಲ್ ಅಂಗಡಿಯ ಹಿದಾಯತ್, ದಾರಿಯಲ್ಲಿ ಹೋಗುವವರು.

ಎಲ್ಲರೂ ಎತ್ತಿಕೊಂಡರು, ರೀ.