ತೂಬಿನ ಬಳಿಯ ಎರಡು ಏಟು

ಮಾನ್ಯ ಗೋರಿಂಜ್ ಅವರಿಗೆ,

ಬೇಸಿಗೆಯ ಕಾಲುವೆ ಪ್ರವಾಸಕ್ಕೆ ಒಟ್ಟು ತಗುಲಿದ್ದು ಒಂಬೈನೂರು ಪೌಂಡ್ ದೋಣಿ ಬಾಡಿಗೆ, ನನ್ನ ಎರಡು ಹಲ್ಲು, ನಿಮ್ಮ ಬಲ ಮಣಿಕಟ್ಟು.

ಪೊಲೀಸರಿಗೆ ನೀವು ಹೇಳದೆ ಬಿಟ್ಟದ್ದು ಇಷ್ಟು. ದೋಣಿಗಳನ್ನು ಕೆಳಗಿನ ಮಟ್ಟಕ್ಕಿಳಿಸುವ ಲಾಕ್‌ನ ಎರಡು ಬಾಗಿಲುಗಳ ನಡುವಿನ ನೀರು ಇಳಿಯುತ್ತಿದ್ದಾಗ ನಮ್ಮ ದೋಣಿಯ ಹಿಂಭಾಗ ಬಾಗಿಲ ಬುಡದ ಕಲ್ಲಿಗೆ ಸಿಕ್ಕಿಕೊಂಡಿತು, ಮೂತಿ ಮುಳುಗತೊಡಗಿತು. ಒಳಗೆ ನನ್ನ ಹೆಂಡತಿ ನೆಸ್ಟಾ ಇದ್ದಳು. ತೂಬು ತೆರೆದವರು ನೀವು.

"ತೂಬು ಮುಚ್ರೀ, ಹೆಂಡ್ತಿ ಒಳಗಿದಾಳೆ!" ಎಂದೆ.

"ನನ್ನ ದೋಣಿ ಸರದಿಗೆ ಅರ್ಧ ಗಂಟೆ ಕಾದಿದೀನಿ, ಸುಮ್ನಿರು ಮುದುಕಪ್ಪ," ಎಂದಿರಿ. ಮುಚ್ಚಲು ಕೈ ಹಾಕಿದ್ದಕ್ಕೆ ಬಾಯಿಗೆ ಗುದ್ದಿದಿರಿ.

ಆಗ ತೂಬು ತಿರುಗಿಸುವ ಕಬ್ಬಿಣದ ಹಿಡಿಕೆಯಿಂದ ನಿಮ್ಮ ಕೈಗೆ ಎರಡೇಟು ಹಾಕಿದೆ. ತೂಬು ಮುಚ್ಚಲು ಒಂದೇ ಸಾಕಿತ್ತು. ಎರಡನೆಯದು ಹಲ್ಲಿನ ಲೆಕ್ಕ.

ದಯವಿಟ್ಟು ಹೇಳಿಕೆ ತಿದ್ದಿಸಿ. ಇಲ್ಲವಾದರೆ ಕೋರ್ಟಿಗೆ ಬಂದು ನಡೆದದ್ದೆಲ್ಲ ಹೇಳುತ್ತೇನೆ, ನನ್ನ ಎರಡನೇ ಏಟನ್ನೂ ಒಪ್ಪಿಕೊಳ್ಳುತ್ತೇನೆ.

ಒಟ್ಟಿನಲ್ಲಿ ಪೊಲೀಸರಿಗೆ ಒಂದು ಕೇಸು ಸಿಕ್ಕಿತು, ನಿಮಗೆ ಆರು ವಾರ ರಜೆ ಸಿಕ್ಕಿತು, ನನಗೆ ನೆಸ್ಟಾ ಸಿಕ್ಕಳು.

ಇಂತಿ,
ಡೆಸ್ಮಂಡ್ ಟ್ರಾಂಟರ್