ಅಪ್ಪನ ಮೀಸೆ, ಅಮ್ಮನ ಕಡಲು

ಅಪ್ಪಾ,

ನೀನು ಹಲಗೆ ಹೊಡೆದು, ಒಲೆ ಕೂರಿಸಿ ಮನೆ ಮಾಡಿದ್ದ ವ್ಯಾನು ಕೊನೆಗೂ ಕಡಲು ಕಂಡಿತು. ಇಲ್ಲಿ ಮೈಲಿಗಟ್ಟಲೆ ನರಪಿಳ್ಳೆಯೂ ಇಲ್ಲ. ವ್ಯಾನಿನ ಬಾಗಿಲು ಈಗಲೂ ಕಿರುಗುಟ್ಟುತ್ತದೆ. ಎಣ್ಣೆ ಬಿಡಲು ನನಗೂ ಅಮ್ಮನಿಗೂ ಮನಸ್ಸಿಲ್ಲ.

ಇವತ್ತು ಅಮ್ಮ ನೀರಿಗಿಳಿದಳು, ಮೂಗೂ ಮುಚ್ಚುವ ನಿನ್ನ ಆ ಈಜುಗನ್ನಡಕ ಹಾಕಿಕೊಂಡು. ನೆನಪಿದೆಯಾ, ಬಚ್ಚಲಿನ ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಅದನ್ನು ಪರೀಕ್ಷೆ ಮಾಡಿದ್ದು? ಮೀಸೆಯ ಸಂದಿಯಿಂದ ನೀರು ಒಳಗೆ ನುಗ್ಗುತ್ತಿತ್ತು.

"ಬೋಳಿಸ್ರೀ" ಅಂದಿದ್ದಳು ಅಮ್ಮ.

"ಮೀನು ನೋಡೋಕೆ ಮೀಸೆ ತೆಗೀಬೇಕಾ? ಮುಂದಿನ ವರ್ಷ ನೋಡೋಣ ಬಿಡು" ಅಂದಿದ್ದೆ ನೀನು. ಆಫೀಸಿನಲ್ಲಿ ರಜೆ ಕೇಳುವುದು ತಪ್ಪಿತೆಂದು ನಾನೂ ಹೂಂ ಅಂದಿದ್ದೆ. ಆ ಮುಂದಿನ ವರ್ಷಕ್ಕೆ ನೀನೇ ಇರಲಿಲ್ಲ.

ಹವಳದ ದಿಬ್ಬದ ಮೇಲೆ ಅಮ್ಮ ನನ್ನ ಕೈ ಹಿಡಿದೇ ತೇಲಿದಳು. ಕೆಳಗೆ ಹಳದಿ ಮೀನುಗಳು ಹಿಂಡುಹಿಂಡಾಗಿ ಸುತ್ತುತ್ತಿದ್ದವು. ಅವುಗಳ ನಡುವೆ ದಪ್ಪನೆಯ ಮೀನೊಂದು, ಗಲ್ಲದಿಂದ ಎರಡು ಮೀಸೆ ಇಳಿಬಿಟ್ಟುಕೊಂಡು, ಯಾರ ಹಂಗೂ ಇಲ್ಲದಂತೆ ಮರಳು ಕೆದಕುತ್ತಾ ಬಂತು. ಅಮ್ಮ ನನ್ನ ಕೈ ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

ತಲೆ ಮೇಲೆತ್ತಿದವಳೇ, "ಹಟಮಾರಿ! ಮೀಸೆ ಬೋಳಿಸದೇನೇ ಬಂದುಬಿಟ್ಟಿದ್ದಾರೆ ನೋಡೇ ನಿಮ್ಮಪ್ಪ!" ಅಂತ ನಕ್ಕಳು. ದಡ ಸೇರುವವರೆಗೂ ನಗುತ್ತಲೇ ಇದ್ದಳು.

ಅಲ್ಲಿ ಕನ್ನಡಕ ತೆಗೆದಾಗ ಅದರೊಳಗೆ ನೀರು ನಿಂತಿತ್ತು.

ಅಮ್ಮನಿಗೆ ಮೀಸೆಯಿಲ್ಲ, ಅಪ್ಪಾ.